ಎರಡು ಸಾಲು

ನಮ್ಮೂರ ಹೆಸರು ತಳಿ.
ಬಸ್ಸಿನ ಹಣೆಯ ಮೇಲೆ ತಮಿಳಲ್ಲಿ ಬರೆದಿರುತ್ತದೆ,
ನಾವು ಕನ್ನಡದಲ್ಲಿ ಇಳಿದುಕೊಳ್ಳುತ್ತೇವೆ.
ಹೂವಿನ ಲೆಕ್ಕ ಮಾತ್ರ ತೆಲುಗು,
ಮಂಡಿಯವನಿಗೆ ತೂಕದ ಹೊತ್ತಲ್ಲಿ
ಬೇರೆ ಯಾವ ಭಾಷೆಯೂ ಕೇಳಿಸುವುದಿಲ್ಲ.

ಈ ಮಡಿಯದು ಐಶ್ವರ್ಯ, ಹಳದಿ. ಆಚೆಯದು ಪೂರ್ಣಿಮ.
ಸೇವಂತಿಗೆಗೆ ಇರುಳು ಉದ್ದವಾದರೆ ಸಾಕು,
ಮೊಳಕಾಲೆತ್ತರ ಆಗುವ ಮೊದಲೇ ಮೊಗ್ಗು ಹಿಡಿಯುವ ಆತುರ.
ಅದಕ್ಕೇ ತಂತಿ ಎಳೆದು ಬಲ್ಬು ಕಟ್ಟಿದ್ದೇವೆ.
ರಾತ್ರಿ ಹತ್ತಕ್ಕೆ ನಾನು ಸ್ವಿಚ್ಚು ಒತ್ತುತ್ತೇನೆ,
ಎಕರೆ ತುಂಬ ಸುಳ್ಳು ಹಗಲು.
ಗಿಡ ನಂಬುತ್ತದೆ.
ಜವಳಗೆರೆ ಕಾಡಿನಿಂದ ಇಳಿದ ಆನೆ ನಂಬುವುದಿಲ್ಲ,
ಒಂದು ಗಳಿಗೆ ನಿಂತು ನೋಡಿ
ಪಕ್ಕದವರ ರಾಗಿಗೆ ಹೋಗುತ್ತದೆ.

ನೆಟ್ಟ ನಾಲ್ಕನೇ ವಾರ ತುದಿ ಚಿವುಟಬೇಕು.
ಚಿವುಟದಿದ್ದರೆ ಒಂಟಿ ಕಡ್ಡಿಯಾಗಿ ಮೇಲಕ್ಕೆ ಹೋಗಿ
ಒಂದು ಹೂ ಬಿಟ್ಟು ದೊಡ್ಡಸ್ತಿಕೆ ಮಾಡುತ್ತದೆ.

ಆವತ್ತು ನನಗೆ ಜ್ವರ.
ತಮ್ಮನ ಹೆಂಡತಿ ಅಂಜಲೈ ಹೊಲಕ್ಕೆ ಹೋದಳು.
ಪಾಲಕ್ಕೋಡಿನ ಕಡೆಯವಳು, ಬಂದು ಆರು ತಿಂಗಳು,
ಕನ್ನಡ ಎಂದರೆ ಊಟದ ಎಲೆಯಷ್ಟೇ ಅಗಲ:
ಅನ್ನ, ಸಾರು, ಸಾಕು, ಬೇಡ.
ಕೆಲಸಕ್ಕೆ ಹೊಸಬ ಚೂಡಪ್ಪ, ಆನೇಕಲ್ಲಿನವನು.
"ಕಿಳ್ಳು" ಅಂದಳು. ಅವಳ ಮಾತಲ್ಲಿ ಚಿವುಟು.
ಅವನ ಕಿವಿಯಲ್ಲಿ ಕೀಳು.

ಕಿತ್ತ.
ಪಾಪ, ಎಷ್ಟು ಒಪ್ಪವಾಗಿ ಕಿತ್ತಿದ್ದ!
ಎರಡು ಸಾಲು, ಮುನ್ನೂರ ಹನ್ನೆರಡು ಗಿಡ,
ಮಣ್ಣು ಕೊಡವಿ, ಬೇರೆಲ್ಲ ಒಂದೇ ಕಡೆ ಮಾಡಿ
ಬದುವಿನ ಮೇಲೆ ಸೊಪ್ಪಿನ ಕಟ್ಟಿನ ಹಾಗೆ ಪೇರಿಸಿದ್ದ.

ಕಂಬಳಿ ಹೊದ್ದೇ ಹೋದೆ.
ಬೈಯಲು ಬಾಯಿ ತೆರೆದರೆ
ಯಾವ ಭಾಷೆಯಲ್ಲಿ ಶುರು ಮಾಡುವುದು?
ಚೂಡಪ್ಪನಿಗೆ ಒಂದು, ಅವಳಿಗೊಂದು,
ಎರಡಕ್ಕೂ ಸಾಲುವ ಒಂದು ಬೈಗುಳ ನನ್ನ ಹತ್ತಿರ ಇರಲಿಲ್ಲ.
ಆ ತಡದಲ್ಲಿ ಅಂಜಲೈ ಎದ್ದಳು.
"ಬೇಡ" ಅಂದಳು ನನಗೆ,
ಇನ್ನೊಂದು ಸೌಟು ಸಾರು ಬೇಡ ಅನ್ನುವ ಹಾಗೆಯೇ,
ಅಂಗೈ ಅಡ್ಡ ಹಿಡಿದು.

ಬ್ಲೇಡು ತಂದಳು.
ನಾಲ್ಕು ಬೆರಳು ತುದಿ ಕತ್ತರಿಸಿ, ಕೆಳಗಿನೆಲೆ ಸೀಳಿ
ಬೇವಿನ ಬುಡದ ನೆರಳಲ್ಲಿ ಮರಳಿಗೆ ಚುಚ್ಚಿದಳು.
ತುದಿ ಹೋದ ಬೇರನ್ನು ಅದದೇ ಗುಣಿಗೆ ಇಟ್ಟು
ಹಿಮ್ಮಡಿಯಲ್ಲಿ ಒತ್ತಿದಳು.
ಅಲ್ಲಿಗೆ
ಕಿತ್ತ ಹಾಗೂ ಆಯಿತು, ಚಿವುಟಿದ ಹಾಗೂ ಆಯಿತು.
ಮೂವರ ಕೈಯೂ ಸಂಜೆಯವರೆಗೆ ಒಂದೇ ಕಹಿ ವಾಸನೆ.

ಮರಳಿಗೆ ದಿನಕ್ಕೆ ಮೂರು ಸಲ ನೀರು.
ತಳಿ, ಅಂದೆ. ತೆಳಿ, ಅಂದಳು.
ಇಲ್ಲಿ ಮಾತ್ರ ಏನೂ ಕೆಡಲಿಲ್ಲ,
ನೀರು ನೀರಾಗಿಯೇ ಬಿತ್ತು.

ನಮ್ಮತ್ತೆ ಬಯ್ಯಮ್ಮ ಹೇಳುತ್ತಿದ್ದಳು,
ಸೇವಂತಿಗೆಗೆ ವಯಸ್ಸು ಕೇಳಬೇಡ ಕಣೇ.
ಹೂ ಮುಗಿದ ಮೇಲೆ ಗೇಣು ಬಿಟ್ಟು ಕೊಯ್ದರೆ
ಬುಡದಿಂದ ಮರಿ ಏಳುತ್ತದೆ, ಮರಿಯನ್ನು ಕಿತ್ತು ನಡು,
ಅದರ ಮರಿಯನ್ನು ಬೇಕಾದವರಿಗೆ ಕೊಡು.
ಅವಳು ತವರಿನಿಂದ ಮಡಿಲಲ್ಲಿ ತಂದ ಗಿಡ
ಬಾವಿ ಕಟ್ಟೆಯ ಹತ್ತಿರ ಈಗಲೂ ಇದೆ,
ಸಣ್ಣ ಹೂ, ಹೆಸರಿಲ್ಲ, ಬಲ್ಬಿಲ್ಲ,
ಕಾರ್ತೀಕ ಬಂದದ್ದು ಅದಕ್ಕೆ ತಾನಾಗಿ ಗೊತ್ತಾಗುತ್ತದೆ.

ಚುಚ್ಚಿದ್ದರಲ್ಲಿ ಅರವತ್ತು ಕೊಳೆತವು.
ಉಳಿದವು ಬೇರು ಬಿಟ್ಟವು, ಬಿಳಿ ದಾರದ ಹಾಗೆ.
ಆದರೆ ಆ ಎರಡು ಸಾಲು ಹಿಂದೆ ಬಿತ್ತು,
ಹೂ ಬರುವಾಗ ಹಬ್ಬ ಕಳೆದಿತ್ತು,
ಕಿಲೋಗೆ ಹದಿನೆಂಟು ರೂಪಾಯಿ,
ಅದೂ ತೆಲುಗಲ್ಲಿ.

ಬಲ್ಬು ಆರಿಸುವ ರಾತ್ರಿ
ಸ್ವಿಚ್ಚು ಅಂಜಲೈ ಕೈಗೆ ಕೊಟ್ಟೆ.
ಹೊಲಕ್ಕೆ ಕತ್ತಲು ಬಂತು, ನಿಜವಾದದ್ದು.
"ಸಾಕು" ಅಂದಳು.

ಚೂಡಪ್ಪ ಈಗ ತಮಿಳು ಕಲಿತಿದ್ದಾನೆ, ಬೈಯುವಷ್ಟು.
ಆದರೂ ಏನು ಹೇಳಿದರೂ,
ಟೀ ತಾ ಅಂದರೂ,
ಒಮ್ಮೆ ತಿರುಗಿ ನಿಂತು ಕೇಳುತ್ತಾನೆ:
ಅಕ್ಕಾ, ಬೇರಾ? ತುದಿಯಾ?